ಸುರಂಗದೊಳಗೆ ಅಣ್ಣ

ನವೆಂಬರ್ ೯, ಪೊಟೊಮ್ಯಾಕ್ ನದಿ ದಂಡೆಯ ಡೇರೆ

ಬೆರಳುಗಳು ಇನ್ನೂ ಮರಗಟ್ಟಿವೆ, ಪೆನ್ನು ಹಿಡಿತಕ್ಕೆ ಸಿಗುತ್ತಿಲ್ಲ. ವೆಂಡೆಲಣ್ಣನನ್ನು ಈ ಚಳಿಯಲ್ಲಿ ಸೈಕಲ್ ಹತ್ತಿಸಿದ್ದು ಸರಿಯೇ ಎಂದು ಬೆಳಗಿನಿಂದ ಮನಸ್ಸು ಕೊರೆಯುತ್ತಿತ್ತು. ಬೇಸಿಗೆಯಿಂದ ಅವನಿಗೆ ಮರೆವಿನ ಕಾಯಿಲೆ. ಕಾಲುವೆ ದಾರಿಯುದ್ದಕ್ಕೂ ನನ್ನನ್ನು ‘ಮೇಡಂ’ ಎನ್ನುತ್ತಲೇ ಬಂದ.

ಕಾಲುವೆಯ ಹಳೆಯ ಸುರಂಗದ ಬಾಯಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಹೊರಟೆವು. ಒಳಗೆ ಕಗ್ಗತ್ತಲು, ಇಟ್ಟಿಗೆಗಳಿಂದ ತೊಟ್ಟಿಕ್ಕುವ ನೀರು. ಇದ್ದಕ್ಕಿದ್ದಂತೆ ಅಣ್ಣ ಮುಂದಾಗಿ, ನನ್ನ ಹೆಸರು ಹಿಡಿದು ಕರೆದ.

“ಕಂಬಿ ಹಿಡ್ಕೊಳ್ಳೇ ಓಪಲ್. ಇಲ್ಲಿ ಕೆಸರು, ಜಾರ್ತೀಯ.”

“ನಾನ್ಯಾಕೆ ಜಾರ್ಲಿ?”

“ಹೋದ್ಸಲ ಅತ್ಕೊಂಡು ಅಪ್ಪನ ಹೆಗಲೇರಿದ್ದು ಯಾರೇ, ಅಳುಬುರುಕಿ?”

ಆ ‘ಹೋದ್ಸಲ’ ಅಪ್ಪನ ಜೊತೆ ಬಂದಾಗ ನನಗೆ ಏಳು ವರ್ಷ. ಅಪ್ಪನ ಕೋಟಿನ ಒದ್ದೆ ಉಣ್ಣೆಯ ವಾಸನೆ, ಮುಂದೆ ಮುಂದೆ ಹೋಗುವ ಅಣ್ಣನ ಸಿಳ್ಳೆ, ಎಲ್ಲವೂ ಆ ಕತ್ತಲಲ್ಲಿ ಹಾಗೆಯೇ ಉಳಿದಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಚೆಯ ಬೆಳಕಿಗೆ ಬಂದೆವು. ಅವನು ನನ್ನ ಮುಖವನ್ನೇ ದಿಟ್ಟಿಸಿ, ಬಹಳ ಮರ್ಯಾದೆಯಿಂದ ಕೇಳಿದ:

“ನೀವು ಒಬ್ರೇ ಬಂದಿದ್ದೀರಾ?”

ಸೈಕಲ್ ತಿರುಗಿಸಿದೆ. “ಬನ್ನಿ, ಇನ್ನೊಂದ್ಸಲ ಒಳಗೆ ಹೋಗ್ಬರೋಣ,” ಎಂದೆ.

ಎಷ್ಟು ಸಲ ಹೋಗಿ ಬಂದೆವೋ, ಲೆಕ್ಕವಿಡಲಿಲ್ಲ. ಡೇರೆ ಹಾಕುವಾಗ ಹೊರಗೂ ಕತ್ತಲಾಗಿತ್ತು, ಅವನಿನ್ನೂ ನನ್ನನ್ನು ಅಳುಬುರುಕಿ ಎಂದೇ ಕರೆಯುತ್ತಿದ್ದ.