ಟಿಕ್ ಹಾಕಿದ ಮಾತ್ರೆ

ಗುರುವಾರ, ಮಧ್ಯಾಹ್ನದ ಬಿಡುವು
ಕನ್ನಡಕದ ಅಂಗಡಿಯ ಹಿಂದಿನ ಕೋಣೆ

ಏಳು ತಿಂಗಳಿಂದ ಬೇರೆ ಮನೆ ಮಾಡಿಕೊಂಡಿರುವ ನನ್ನ ಯಜಮಾನರಿಗೆ,

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ನಾನೊಂದು ಪುಟ್ಟ ನೋಟ್‌ಬುಕ್ ಕೊಂಡಿದ್ದೇನೆ. ಇನ್ನು ಮುಂದೆ ನನ್ನ ಮನೆಯ ಸಾಮಾನಿನ ಪಟ್ಟಿಯನ್ನು ಪೆನ್ನಿನಲ್ಲೇ ಬರೆಯಲಾಗುವುದು. ಸಕಲರು ಎಂದರೆ ನೀವೊಬ್ಬರೇ. ಬೇರೆ ಯಾರಿಗೂ ಇದರಿಂದ ಆಗಬೇಕಾದ್ದೇನಿಲ್ಲ.

ಮನೆ ಬೇರೆಯಾದಾಗ ಪಾತ್ರೆ, ದಿಂಬು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಹಂಚಿಕೊಂಡೆವು. ಇಬ್ಬರ ಫೋನಿನಲ್ಲೂ ಇರುವ ಒಂದೇ ಸಾಮಾನಿನ ಪಟ್ಟಿಯನ್ನು ಮಾತ್ರ ಮರೆತೆವು. ನೀವು ಅಲ್ಲಿ ಬರೆದದ್ದು ಇಲ್ಲಿ ಕಾಣಿಸುತ್ತದೆ. ಕೊಂಡವರು ಟಿಕ್ ಹಾಕಬೇಕು, ಟಿಕ್ ಬಿದ್ದದ್ದನ್ನು ಇನ್ನೊಬ್ಬರು ಕೊಳ್ಳಬಾರದು. ಒಂಬತ್ತು ವರ್ಷದ ಕಟ್ಟಳೆ.

ಅಂಗಡಿಗೆ ಹೋದರೆ ಪಟ್ಟಿ ನೋಡುವುದು ನನ್ನ ಕೈ, ತಲೆಯಲ್ಲ. ಹೀಗಾಗಿ ನಿಮ್ಮ ಎರಡು ಪ್ಯಾಕೆಟ್ ಬ್ಲೇಡು, ಒಂದು ಬೂಟ್ ಪಾಲಿಶ್ ನನ್ನ ಮನೆ ಸೇರಿವೆ. ನನಗೆ ಗಡ್ಡವಿಲ್ಲ, ಬೂಟೂ ಇಲ್ಲ. ನನ್ನ ತಲೆಗೆ ಹಚ್ಚುವ ಎಣ್ಣೆ ನಿಮ್ಮಲ್ಲಿರಬೇಕು. ಹಚ್ಚಲು ನಿಮ್ಮಲ್ಲಿ ಕೂದಲಿಲ್ಲವೆಂಬುದು ಬೇರೆ ಮಾತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹೋದ ವಾರ ನೀವು ಬರೆದ ಬಿ.ಪಿ. ಮಾತ್ರೆಯನ್ನೂ ನಾನೇ ಕೊಂಡು, ಟಿಕ್ ಹಾಕಿ, ಡ್ರಾಯರಿನಲ್ಲಿಟ್ಟು ಮರೆತೆ. ಟಿಕ್ ಬಿದ್ದಿದೆ ಎಂದ ಮೇಲೆ ಆಯಿತು ಎಂದು ನೀವೂ ಅದನ್ನು ಮರೆತಿರಿ. ಆರು ದಿನ ಮಾತ್ರೆಯಿಲ್ಲದೆ ಓಡಾಡಿದಿರಿ. ಏಳನೇ ದಿನ, ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಓಡಾಡುವ ಆ ಉದ್ದನೆಯ ಬಾವಿಯ ಅಂಚಿನಲ್ಲಿ ಸ್ಪ್ಯಾನರ್ ಹಿಡಿದು ನಿಂತಾಗ ಕಣ್ಣು ಕತ್ತಲಿಟ್ಟಿತಂತೆ. ಜೊತೆಗಾರರು ಬೆಲ್ಟ್ ಹಿಡಿದು ಎಳೆದುಕೊಂಡರಂತೆ.

ನಿಮ್ಮ ತಂಗಿ ಇದನ್ನು ಫೋನಿನಲ್ಲಿ ಹೇಳುವಾಗ ನಾನು ಗಿರಾಕಿಯೊಬ್ಬರ ಮೂಗಿನ ಮೇಲೆ ಫ್ರೇಮ್ ಕೂರಿಸುತ್ತಿದ್ದೆ. ಕೂರಿಸಿ ಮುಗಿಸಿದೆ. ತಲೆಕೆಳಗಾಗಿದೆ ಎಂದು ಅವರೇ ಹೇಳಬೇಕಾಯಿತು. ನಿಮ್ಮ ತಂಗಿಯೂ ಒಂದು ಮಾತು ಹೇಳಿದಳು: "ಅತ್ತಿಗೆ, ನಿಮ್ಮಿಬ್ರಿಗೂ ನೆಟ್ಟಗೆ ಬೇರೆಯಾಗೋಕೂ ಬರಲ್ಲ."

ನಾವು ಬೇರೆಯಾದದ್ದೂ ಫೋನಿನಿಂದಲೇ ಅಲ್ಲವೇ. ದಿನವಿಡೀ ಲಿಫ್ಟ್ ರಿಪೇರಿ ಮಾಡಿ ಬಂದು, ಊಟಕ್ಕೆ ಕೂತು, ಯಾರೋ ಎಲ್ಲೋ ಲಿಫ್ಟ್ ರಿಪೇರಿ ಮಾಡುವ ವಿಡಿಯೋ ನೋಡುತ್ತಿದ್ದಿರಿ. ಆ ಫೋನನ್ನೇ ಕಟ್ಟಿಕೊಳ್ಳಬೇಕಿತ್ತು ಎಂದೆ. ಚಾರ್ಜ್ ಮುಗಿದಾಗಲಾದರೂ ಅದು ಬಾಯಿ ಮುಚ್ಚುತ್ತದೆ ಎಂದಿರಿ. ಜೋಕು ಚೆನ್ನಾಗಿತ್ತು, ಈಗ ಒಪ್ಪುತ್ತೇನೆ. ಅವತ್ತು ನಗು ಬರಲಿಲ್ಲ.

ಮಾತ್ರೆ, ಬ್ಲೇಡು, ಪಾಲಿಶ್ ಈ ಪೊಟ್ಟಣದಲ್ಲಿವೆ. ಎಣ್ಣೆ ಕಳಿಸುವ ಅವಸರವೇನಿಲ್ಲ. ತಪ್ಪಿನಲ್ಲಿ ಅರ್ಧ ನಿಮ್ಮದು ಎಂದು ಬರೆಯಬೇಕೆಂದಿದ್ದೆ. ಬೇಡ, ಪೂರ್ತಿ ನನ್ನದೇ ಇರಲಿ.

ಇಂತಿ,
ನೋಟ್‌ಬುಕ್ಕಿನ ಒಡತಿ

ತಾ.ಕ.: ಪಟ್ಟಿಯಿಂದ ಹೊರಬೀಳುವ ಬಟನ್ ಎಲ್ಲಿದೆಯೆಂದು ನಿಮ್ಮ ತಂಗಿ ಹೇಳಿಕೊಟ್ಟಿದ್ದಳು. ಸಿಕ್ಕಿತು. ಒತ್ತಲಿಲ್ಲ. ಪಟ್ಟಿಯಲ್ಲಿದ್ದ ಸಾಮಾನನ್ನೆಲ್ಲ ಅಳಿಸಿ ಒಂದೇ ಒಂದು ಸಾಲು ಬರೆದಿಟ್ಟಿದ್ದೇನೆ: ಇವತ್ತಿನ ಮಾತ್ರೆ. ದಿನಾ ಬೆಳಿಗ್ಗೆ ನುಂಗಿದ ಮೇಲೆ ಟಿಕ್ ಹಾಕಿ. ಮರುದಿನಕ್ಕೆ ನಾನು ಮತ್ತೆ ಬರೆಯುತ್ತೇನೆ. ಅಂಗಡಿ ಬಾಗಿಲು ತೆರೆಯುವುದು ಒಂಬತ್ತೂವರೆಗೆ, ಅದಕ್ಕೆ ಮುಂಚೆ ಹಾಕಿದರೆ ಗಿರಾಕಿಗಳಿಗೆ ಫ್ರೇಮು ಸರಿಯಾಗಿ ಕೂರುತ್ತದೆ.