ನಾನು ಆ ಬೀದಿಯವನಲ್ಲ

ಶೇಷಾದ್ರಿ ಸಾರ್,

ನೀವು ತೀರಿಕೊಂಡು ವರ್ಷವಾಯಿತು, ಆದರೂ ಈ ಸುದ್ದಿಯನ್ನು ನಿಮಗೇ ಹೇಳಬೇಕು. ಇಂದು ಬೆಳಿಗ್ಗೆ ನಿಮ್ಮ ಗೇಟಿನ ಮುಂದೆಯೇ ನಿಮ್ಮ ಹೆಂಡತಿ ಪಂಕಜಮ್ಮನವರ ಕತ್ತಿನ ಸರವನ್ನು ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋದರು. ಜಯನಗರದ ಆ ಒಂದು ಬೀದಿಯಲ್ಲಿ ಈ ವರ್ಷ ಇದು ನಾಲ್ಕನೆಯದು. ಯಾಕೆ ಹೆಚ್ಚಾಯಿತೆಂದು ನಿಮ್ಮ ನಿವಾಸಿಗಳ ಸಂಘದವರು ಮೀಟಿಂಗ್ ಮೇಲೆ ಮೀಟಿಂಗ್ ಮಾಡುತ್ತಿದ್ದಾರೆ.

ಹದಿನೆಂಟು ವರ್ಷ ನನ್ನ ಇಸ್ತ್ರಿ ಗಾಡಿ ನಿಮ್ಮ ಮನೆಯೆದುರಿನ ಹೊಂಗೆಮರದ ಕೆಳಗಿತ್ತು. ಊರಿಗೆ ಹೋಗುವವರು ಬೀಗದ ಕೈ ನನಗೆ ಕೊಟ್ಟು ಹೋಗುತ್ತಿದ್ದರು. ಐದು ವರ್ಷದ ಹಿಂದೆ ಒಂದು ಮನೆಯಲ್ಲಿ ಕಳ್ಳತನವಾದಾಗ ಸಂಘದ ಅಧ್ಯಕ್ಷರಾಗಿದ್ದ ನೀವು, "ಯಾರ್ ಮನೇಲಿಲ್ಲ ಅಂತ ಇವನಿಗೇ ತಾನೆ ಗೊತ್ತಿರೋದು? ಈ ಬೀದಿಯವನಲ್ಲ, ಎತ್ತಿಸಿ ಗಾಡಿ" ಎಂದಿರಿ. ನಿಜವಾದ ಕಳ್ಳ ಸಿಕ್ಕ ಮೇಲೂ ನನ್ನನ್ನು ಕರೆಯಲಿಲ್ಲ. ನನ್ನ ಜಾಗಕ್ಕೆ ಕ್ಯಾಮೆರಾ ಬಂತು.

ಇಂದು ಆ ಕ್ಯಾಮೆರಾದಲ್ಲಿ ಎರಡು ಹೆಲ್ಮೆಟ್ ಬಿಟ್ಟರೆ ಏನೂ ಕಾಣಲಿಲ್ಲವಂತೆ. ಪೊಲೀಸರು ಪಕ್ಕದ ಬೀದಿಗೆ, ನನ್ನ ಗಾಡಿಯ ಬಳಿ ಬಂದು, "ಬೈಕ್ ಈ ಕಡೆನೇ ಬಂದಿದೆ, ಏನಾದ್ರೂ ನೋಡಿದ್ಯಾ?" ಎಂದರು.

"ನಾನು ಆ ಬೀದಿಯವನಲ್ಲ ಸಾರ್" ಎಂದೆ. ಐದು ವರ್ಷ ಕಾದಿಟ್ಟ ಮಾತು. ಹೇಳಿದಾಗ ಹೊಟ್ಟೆ ತಣ್ಣಗಾಯಿತು.

ಸಂಜೆ ಪಂಕಜಮ್ಮನವರು ಕತ್ತಿಗೆ ಬ್ಯಾಂಡೇಜ್ ಸುತ್ತಿಕೊಂಡು ಎಂದಿನಂತೆ ಸೀರೆಗಳ ಗಂಟು ತಂದರು. "ನೀನಿದ್ದಿದ್ರೆ ಹೀಗಾಗ್ತಿರ್ಲಿಲ್ಲ ಗೂಳಪ್ಪ. ಅವತ್ತು ನಾನಾದ್ರೂ ಬಾಯಿ ಬಿಡಬೇಕಿತ್ತು" ಎಂದರು. ನಾನು ತಲೆ ಎತ್ತದೆ ಇಸ್ತ್ರಿ ಮಾಡಿದೆ, ಎಡಗೈ ಮುಷ್ಟಿ ಬಿಗಿಹಿಡಿದುಕೊಂಡೇ.

ಬಟ್ಟೆಗೆ ಗುರುತು ಹಾಕುವ ಪೆನ್ನಿನಲ್ಲಿ ಆ ಬೈಕಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡಿದ್ದೆ ಸಾರ್. ಇನ್ನೂ ಕೈ ತೊಳೆದಿಲ್ಲ.