ಎರಡೂ ಒಂದೇ ಅಂದವನಿಗೆ

ಸಿಯುದಾದ್ ದೆಲ್ ಎಸ್ತೆ,
ಆಗಸ್ಟ್ 14

ಮಗನೇ ದೆರ್ಲಿಸ್,

ಹೇಗಿದ್ದೀಯ? ಚಳಿಗೆ ಎದೆ ಕಟ್ಟುವುದು ನಿಂತಿತೋ ಇಲ್ಲವೋ? ನನ್ನ ಮಂಡಿಗಳು ನನ್ನ ಮಾತು ಕೇಳುವುದನ್ನು ಬಿಟ್ಟು ವರ್ಷವಾಯಿತು. ಮನೆಯಲ್ಲಿ ನನ್ನ ಮಾತು ಕೇಳದವರ ಪಟ್ಟಿಗೆ ಅವೂ ಸೇರಿದವು. ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ನೀನಿರುವುದು ಸೇತುವೆಯ ಆಚೆ, ಬಸ್ಸಿಗೆ ಅರ್ಧ ಗಂಟೆ. ನಾಲ್ಕು ವರ್ಷದಿಂದ ಆ ಅರ್ಧ ಗಂಟೆ ನಿನಗೆ ಸಿಕ್ಕಿಲ್ಲ. ನಿನ್ನ ಅಕ್ಕ ನಿಮಿಯಾ ಇದನ್ನೂ ಬಿಸಿ ಚಿಪಾ ರೊಟ್ಟಿಯನ್ನೂ ತರುತ್ತಾಳೆ. ರೊಟ್ಟಿ ತಿನ್ನು. ಕಾಗದ ಹರಿಯಬೇಕೆನಿಸಿದರೆ ಓದಿಯಾದ ಮೇಲೆ ಹರಿ.

ನೀನು ಅಲ್ಲಿ ಮೊಬೈಲ್ ಕವರು ಮಾರುತ್ತಿದ್ದೀಯಂತೆ. ಕಂಪ್ಯೂಟರ್ ಜೋಡಿಸಿಕೊಡು ಎಂದು ಬಂದವರಿಗೆ ‘ನಂಗದೆಲ್ಲ ಗೊತ್ತಾಗಲ್ಲ, ಬೇರೆ ಕಡೆ ಕೇಳಿ’ ಅನ್ನುತ್ತೀಯಂತೆ. ಹನ್ನೆರಡನೇ ವಯಸ್ಸಿಗೇ ಫ್ಯಾನಿನ ಸದ್ದು ಕೇಳಿ ಯಂತ್ರದ ರೋಗ ಹೇಳುತ್ತಿದ್ದವನು ನೀನು. ಕೇಳಿ ಹೊಟ್ಟೆ ಉರಿಯಿತು.

ನಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಆ ದಿನ ನಡೆದದ್ದನ್ನು ನೀನು ಮರೆತಿರಲಾರೆ. ತಡಮಾಡದೆ ಉತ್ತರ ಕೊಡುವ ದುಬಾರಿ ಮೆಮೊರಿ ಹಾಕಿದರೆ ದಿನನಿತ್ಯದ ಕೆಲಸದಲ್ಲೇ ಗೊತ್ತಾಗುತ್ತದೆ ಎಂದು ನಿನ್ನ ವಾದ. ಪತ್ರ ಟೈಪ್ ಮಾಡುವವರಿಗೆ ಅದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಾಗದು ಎಂದು ನನ್ನದು. ಇದು ನಮ್ಮಿಬ್ಬರಲ್ಲೇ ಇದ್ದಿದ್ದರೆ ಮುಗಿಯುತ್ತಿತ್ತು. ನನ್ನ ಹಳೇ ಗಿರಾಕಿ ದೋನ್ಯಾ ಹಿಲ್ದಾ ಎದುರೇ ನೀನು ‘ಅಪ್ಪ ಕೊಟ್ಟಿರೋದು ಮಂದ ಮಾಲು ಕಣಮ್ಮಾ’ ಅಂದೆ. ಇಪ್ಪತ್ತಾರು ವರ್ಷ ಅಂಗಡಿ ನಡೆಸಿದವನ ಮುಖಕ್ಕೆ ಹೊಡೆದಂತಾಯಿತು. ಅದಕ್ಕೇ ಪರೀಕ್ಷೆ ಇಟ್ಟೆ. ಒಂದೇ ಥರದ ಎರಡು ಯಂತ್ರ; ಒಂದರಲ್ಲಿ ನಿನ್ನ ಮೆಮೊರಿ, ಇನ್ನೊಂದರಲ್ಲಿ ನನ್ನದು. ಮುಚ್ಚಳ ಬಿಚ್ಚುವಂತಿಲ್ಲ, ಸೆಟ್ಟಿಂಗ್ ನೋಡುವಂತಿಲ್ಲ, ಯಾವುದು ಯಾವುದೆಂದು ಹೇಳಬೇಕು. ಒಂದೇ ಪಾತ್ರೆಯಲ್ಲಿ ಸರದಿಯಂತೆ ತಣ್ಣನೆಯ ತೆರೆರೆ ಕಷಾಯ ಕುಡಿಯಲು ಬಂದಿದ್ದವರೆಲ್ಲ ಕುರ್ಚಿ ಎಳೆದುಕೊಂಡು ಸುತ್ತ ಕೂತರು. ನೀನು ಫೈಲು ತೆರೆದೆ, ಟೈಪ್ ಮಾಡಿದೆ, ನಿನ್ನ ಕಾರಿನ ಆಟವನ್ನೂ ಎರಡರಲ್ಲೂ ಆಡಿ ನೋಡಿದೆ. ಕೊನೆಗೆ ‘ಅಪ್ಪಾ, ಎರಡೂ ಒಂದೇ ಥರ ಇದೆ’ ಅಂದೆ.

ನಾನು ಮೇಜು ಗುದ್ದಿದೆ. ‘ಕೇಳಿದ್ರಾ, ಅವನ ಬಾಯಿಂದಲೇ ಬಂತು!’ ಎಂದು ಕೂಗಿದೆ. ಪಕ್ಕದಂಗಡಿಯ ಎಲ್ವಿಯೋ ‘ಲೋ ದೆರ್ಲಿಸ್, ಕಣ್ಣಿಗೆ ಕಾಣ್ದೇ ಇರೋದನ್ನ ಮಾರೋನು ನೀನು ಪಾದ್ರಿ ಆಗ್ಬೇಕಿತ್ತು ಕಣೋ’ ಅಂದ. ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅಷ್ಟರಲ್ಲಿ ತೆರೆರೆಯ ಸರದಿ ನಿನಗೆ ಬಂತು. ಕುಡಿದು, ಪಾತ್ರೆಯನ್ನು ನನ್ನ ಕೈಗಿತ್ತು ‘ಗ್ರಾಸಿಯಾಸ್’ ಅಂದೆ. ಸುತ್ತಿನಲ್ಲಿ ಕೂತವನು ಆ ಧನ್ಯವಾದ ಹೇಳುವುದು ಇನ್ನು ನನಗೆ ಸುರಿಯಬೇಡ ಎನ್ನಲು ಮಾತ್ರ. ಇವನಿಗೆ ಕುಡಿದದ್ದು ಸಾಕಾಯಿತು ಎಂದುಕೊಂಡು ಮುಂದಿನವನಿಗೆ ಸುರಿದೆ. ಸಂಜೆಗೆ ಮನೆಯಲ್ಲಿ ನೀನೂ ಇರಲಿಲ್ಲ, ನಿನ್ನ ಬಟ್ಟೆಗಳೂ ಇರಲಿಲ್ಲ.

ಒಂದು ನಗುವಿಗೆ ಇಷ್ಟು ರೋಷವೇ? ನನ್ನಪ್ಪ ನನ್ನನ್ನು ಬೆಲ್ಟಿನಲ್ಲಿ ಹೊಡೆದಿದ್ದ, ನಾನೆಲ್ಲೂ ಓಡಿಹೋಗಲಿಲ್ಲ. ಆಮೇಲೆ ನಾನೇ ಎರಡೂ ಬಗೆಯ ಮೆಮೊರಿ ಹಾಕಿ ಗಡಿಯಾರ ಹಿಡಿದು ಅಳೆದೆ. ಪತ್ರ ತೆರೆಯುವುದಕ್ಕೆ ಎರಡರಲ್ಲೂ ಅಷ್ಟೇ ಹೊತ್ತು. ಆಟದಲ್ಲಿ ಮಾತ್ರ ಚೂರು ಹೆಚ್ಚು ಕಡಿಮೆ, ಅದೂ ಪರದೆಯ ಮೂಲೆಯಲ್ಲಿ ವೇಗ ತೋರಿಸುವ ಅಂಕಿ ನೋಡಿದರೆ. ನಾನು ಹೇಳಿದ್ದೇ ನಿಜವಾಯಿತು. ಆದರೆ ಯಾರ ಮುಂದೆ ಹೇಳಿಕೊಳ್ಳಲಿ?

ಕಾಕುಪೆಯ ಇಗರ್ಜಿಯ ದೇವಮಾತೆ ನಿನ್ನನ್ನು ಕಾಪಾಡಲಿ. ನನ್ನ ಗೊಡವೆಗೆ ಅವಳು ಬರುವುದಿಲ್ಲ.

ನಿನ್ನ ಅಪ್ಪ,
ವಿಲ್ಫ್ರಿದೋ

ಇನ್ನೊಂದು ಮಾತು: ನಿಮಿಯಾ ಬಾಗಿಲಲ್ಲಿ ನಿಂತು ಬಸ್ಸು ಹೋಗುತ್ತದೆ ಎನ್ನುತ್ತಿದ್ದಾಳೆ. ಆ ಎರಡು ಯಂತ್ರದಲ್ಲೂ ಇದ್ದದ್ದು ನನ್ನ ಮೆಮೊರಿಯೇ. ಜನರ ಮುಂದೆ ನೀನು ಗೆದ್ದುಬಿಟ್ಟರೆ ಎಂದು ಹೆದರಿ ನಿನ್ನದನ್ನು ನಾನು ಹಾಕಲೇ ಇಲ್ಲ. ಅಂದು ಅಲ್ಲಿ ಕೂತಿದ್ದವರಲ್ಲಿ ನಿಜ ಹೇಳಿದವನು ನೀನೊಬ್ಬನೇ.